ನರಿಯ ಪರವಾಗಿ ಎರಡು ಮಾತು

ಇಂದಿನ ಸಮಾರಂಭದ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ, ಬೆಟಗೇರಿಯ ಹಿರಿಯ ವರ್ತಕರಾದ ಶ್ರೀ ಪುಂಡಲೀಕಪ್ಪನವರೇ, ವೇದಿಕೆಯ ಮೇಲಿರುವ ಅಧಿಕಾರಿ ಮಿತ್ರರೇ, ಈ ಸಂಜೆ ಸನ್ಮಾನ ಸ್ವೀಕರಿಸಲಿರುವ ಡಾಕ್ಟರ್ ಗುಲ್ನಾಜ ಯಳವತ್ತಿಯವರೇ, ಮಗಳ ಸನ್ಮಾನ ನೋಡಲು ಅಂಗಡಿ ಮುಚ್ಚಿ ಬಂದಿರುವ ಅವರ ತಂದೆ ಇಸಾಕಸಾಹೇಬರೇ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬಸ್ಸು ಹಿಡಿದು ಬಂದಿರುವ ತಾಯಂದಿರೇ, ಮೊದಲ ಸಾಲಿನಲ್ಲಿ ಕುಳಿತು ನಾನಿನ್ನೂ ಬಾಯಿ ತೆರೆಯುವ ಮೊದಲೇ ಕಣ್ಣು ಬಿಡುತ್ತಿರುವ ನನ್ನ ಧರ್ಮಪತ್ನಿ ರೇಣುಕಾ ಅವರೇ, ಹಾಗೂ ಸಹೃದಯ ಸಭಿಕರೇ.

ಮೈಕು ನನ್ನ ಕೈಗೆ ಬರುವ ಮೊದಲು ಕಾರ್ಯದರ್ಶಿಗಳು ಕಿವಿಯ ಹತ್ತಿರ ಬಂದು, "ಸರ್, ಐದ ನಿಮಿಷದಾಗ ಮುಗಸ್ರಿ, ಊಟ ಆರತೈತಿ" ಎಂದರು. ಸರ್ಕಾರಿ ನೌಕರಿಯಲ್ಲಿದ್ದಾಗ ಕೂಡ ನಾನು ಯಾವ ಕೆಲಸವನ್ನೂ ಐದು ನಿಮಿಷದಲ್ಲಿ ಮುಗಿಸಿದವನಲ್ಲ. ನಿವೃತ್ತನಾದ ಮೇಲೆ ಆ ಚಟ ಎಲ್ಲಿಂದ ಬರಬೇಕು?

ನಿರೂಪಕರು ನನ್ನನ್ನು ಪರಿಚಯಿಸುತ್ತ, "ಗುಲ್ನಾಜ ಮೇಡಂ ಅವರ ಗುರುಗಳು" ಎಂದರು. ಅಷ್ಟಕ್ಕೇ ನಿಲ್ಲಿಸಿದರು. ನನಗೆ ಒಂದು ಹೆಸರಿದೆ ಸಭಿಕರೇ. ಡಾಕ್ಟರ್ ಮಹಾದೇವ ಕೊಪ್ಪದ. ಪಶುವೈದ್ಯ. ನೌಕರಿಯ ಬಹುಪಾಲು ಮುಂಡರಗಿ ತಾಲ್ಲೂಕಿನಲ್ಲಿ ಕಳೆದವನು, ಈಗಲೂ ಮುಂಡರಗಿಯಲ್ಲೇ ಇರುವವನು. ಕಪ್ಪತಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ನನ್ನನ್ನು ನರಿ ಡಾಕ್ಟರ್ ಎನ್ನುತ್ತಾರೆ. ಬೆಳಿಗ್ಗೆ ನನಗೆ ಎದುರಾದವರು, "ಇವತ್ತ ನರಿ ಮುಖ ನೋಡಿದಂಗಾತು ಬಿಡ್ರಿ, ಕೆಲಸ ಆಗತಾವು" ಎಂದು ನಗುತ್ತಿದ್ದರು. ಆ ಹೆಸರು ನನಗೆ ಬಹಳ ಪ್ರಿಯವಾದದ್ದು. ಈ ಭವನದ ಬಾಗಿಲಿನಲ್ಲಿ ಹಾಕಿದ ಫಲಕ ನೋಡಿದಿರಾ? ಗುಲ್ನಾಜ ಅವರ ಭಾವಚಿತ್ರ ಆಳೆತ್ತರಕ್ಕಿದೆ. ನನ್ನ ಹೆಸರು ಊಟದ ವ್ಯವಸ್ಥೆ ವಹಿಸಿಕೊಂಡವರ ಹೆಸರಿನ ಕೆಳಗಿದೆ. ಅದನ್ನು ಓದಲು ನಾನು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಊಟ ಮುಖ್ಯವೇ, ಇಲ್ಲವೆನ್ನುವುದಿಲ್ಲ.

ರೇಣುಕಾ, ಕೈಸನ್ನೆ ಬೇಡ. ಸಭೆಗೆ ಕಾಣಿಸುತ್ತದೆ.

ನನಗೆ ಇಂದು ಎರಡು ಕೆಲಸ ಒಪ್ಪಿಸಿದ್ದಾರೆ. ಒಂದು, ಈ ಹೆಣ್ಣುಮಗಳನ್ನು ಹೊಗಳುವುದು. ಇನ್ನೊಂದು, ಹುಚ್ಚುನಾಯಿ ರೋಗ ತಡೆಯುವ ನಮ್ಮ ಸಲಹಾ ಸಮಿತಿಯ ತೀರ್ಮಾನವನ್ನು ಇದೇ ವೇದಿಕೆಯಿಂದ ತಿಳಿಸುವುದು. ಮುಂದಿನ ಮೂರು ವರ್ಷ ನಮಗೆ ಸಿಗುವ ಲಸಿಕೆ, ಸಿಬ್ಬಂದಿ, ವಾಹನ ಎಲ್ಲವೂ ಗುಡ್ಡದ ನರಿಗಳ ಬೆನ್ನು ಹತ್ತಬೇಕೋ, ಊರ ನಾಯಿಗಳ ಬೆನ್ನು ಹತ್ತಬೇಕೋ ಎಂಬುದು ಪ್ರಶ್ನೆ. ಎರಡಕ್ಕೂ ಸಾಲುವಷ್ಟು ಇಲ್ಲ. ಸಮಿತಿಯಲ್ಲಿ ಮತಗಳು ಸಮನಾಗಿ ಬಿದ್ದಿವೆ. ಉಳಿದಿರುವುದು ಸಮಿತಿಯ ಅಧ್ಯಕ್ಷನ ಮತ. ಆ ಅಧ್ಯಕ್ಷ ನಾನು. ನರಿಗಳ ಯೋಜನೆ ಬರೆದವನೂ ನಾನೇ. ನಾಯಿಗಳ ಯೋಜನೆ ಬರೆದವರು ಇವರು, ಗುಲ್ನಾಜ, ಇಲ್ಲಿ ನನ್ನ ಎಡಗಡೆ ತಲೆ ತಗ್ಗಿಸಿ ಕುಳಿತವರು. ನನ್ನ ಮತ ಎತ್ತ ಎಂದು ತಿಳಿಯಲು ಎರಡು ದಿನದಿಂದ ಫೋನು ಮಾಡಿದವರೆಲ್ಲ ಈಗ ಸ್ವಲ್ಪ ತಾಳ್ಮೆಯಿಂದ ಇರಬೇಕು. ನನ್ನ ಮಾತಿಗೆ ಜನ ಇಷ್ಟು ಕಿವಿಗೊಟ್ಟು ಬಹಳ ದಿನವಾಯಿತು.

ಮೊದಲು ವಿಷಯ ತಿಳಿಸುತ್ತೇನೆ. ಹುಚ್ಚುನಾಯಿ ರೋಗ ಎನ್ನುತ್ತೇವೆ. ಆದರೆ ಅದು ನಾಯಿಗೆ ಮಾತ್ರ ಬರುವುದೇ? ಎಮ್ಮೆಗೆ ಬರುತ್ತದೆ, ಕುರಿಗೆ ಬರುತ್ತದೆ, ನರಿಗೆ, ತೋಳಕ್ಕೆ, ಮುಂಗುಸಿಗೆ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಹಾಗಾದರೆ ಈ ರೋಗದ ತವರುಮನೆ ಯಾವುದು? ರೋಗಕ್ಕೂ ಒಂದು ತವರುಮನೆ ಇರುತ್ತದೆ ಸಭಿಕರೇ. ಎಮ್ಮೆಗೆ ಬಂದ ರೋಗ ಎಮ್ಮೆಯ ಜೊತೆಗೇ ಸಾಯುತ್ತದೆ, ಯಾಕೆಂದರೆ ಎಮ್ಮೆ ಇನ್ನೊಂದು ಎಮ್ಮೆಯನ್ನು ಕಚ್ಚುತ್ತ ತಿರುಗುವುದಿಲ್ಲ. ಎಮ್ಮೆಯ ಮನೆಗೆ ರೋಗ ನೆಂಟನಾಗಿ ಬಂದು ಹೋಗುತ್ತದೆ. ತವರುಮನೆಯಲ್ಲಿ ಹಾಗಲ್ಲ. ಅಲ್ಲಿ ಒಂದರಿಂದ ಒಂದಕ್ಕೆ, ಹೊರಗಿನವರ ಹಂಗಿಲ್ಲದೆ, ವರ್ಷಗಟ್ಟಲೆ ಉಳಿಯುತ್ತದೆ. ನೆಂಟರ ಮನೆಗೆ ಎಷ್ಟು ಔಷಧ ಸುರಿದರೂ ತವರುಮನೆ ಹಾಗೇ ಇದ್ದರೆ ರೋಗ ಮತ್ತೆ ಬರುತ್ತದೆ. ಈ ಸೀಮೆಯಲ್ಲಿ ಅದರ ತವರು ನಾಯಿಯೋ, ನರಿಯೋ? ನನ್ನ ನೌಕರಿಯೆಲ್ಲ ಈ ಒಂದು ಪ್ರಶ್ನೆಯಲ್ಲಿ ಕಳೆಯಿತು.

ನಾನು ಮುಂಡರಗಿಗೆ ವರ್ಗವಾಗಿ ಬಂದ ವರ್ಷ ಹಿರೇವಡ್ಡಟ್ಟಿಯಲ್ಲಿ ಒಂದು ಎಮ್ಮೆಗೆ ಹುಚ್ಚು ಹಿಡಿಯಿತು. ಒರಲಿ ಒರಲಿ ದನಿ ಒಡೆದುಹೋಗಿತ್ತು, ನೀರು ಇಟ್ಟರೆ ನುಂಗಲಾಗದೆ ಜೊಲ್ಲು ಸುರಿಸುತ್ತಿತ್ತು. ಮಾಲಕ, "ನರಿ ಕಡದಿತ್ರಿ, ನಾನ ಕಣ್ಣಾರೆ ನೋಡೇನಿ" ಎಂದ. ನರಿ! ಅಲ್ಲಿಯವರೆಗೆ ಎಲ್ಲರೂ ನಾಯಿ, ನಾಯಿ ಎನ್ನುತ್ತಿದ್ದರು. ನಾನು ಬೆನ್ನು ಹತ್ತಿದೆ. ಗುಡ್ಡದ ಸುತ್ತಲಿನ ಊರುಗಳಲ್ಲಿ ನಾಯಿಗಳನ್ನು ಎಣಿಸಿದೆ. ನಾನೂ ನನ್ನ ಕಂಪೌಂಡರೂ ಓಣಿ ಓಣಿ ತಿರುಗಿ ಕೇಳಿದೆವು: "ಈ ನಾಯಿ ಯಾರದು?" ಎಲ್ಲ ಕಡೆ ಒಂದೇ ಉತ್ತರ: "ನಮ್ಮದಲ್ರಿ ಸಾಹೇಬ್ರ." ಕಣ್ಣಿಗೆ ಕಂಡ ನಾಯಿಯನ್ನು ತೋರಿಸಿ ಕೇಳಿದರೆ, "ಅದು ಆಚೀ ಊರಿಂದು, ತಿರಗ್ಯಾಡಕೋತ ಬಂದೈತಿ" ಎನ್ನುವರು. ಆಚೆಯ ಊರಿಗೆ ಹೋದರೆ ಅವರು ಈಚೆಯ ಊರಿನದು ಎನ್ನುವರು. ಹೀಗೆ ಎರಡು ಊರಿನ ನಡುವೆ ಎಷ್ಟೋ ನಾಯಿಗಳು ಸರ್ಕಾರದ ಲೆಕ್ಕದಿಂದ ಮಾಯವಾದವು. ಗೌಡರ ಮನೆಯ ಕಾವಲಿನವು, ಕುರಿಗಾರರವು, ಇಷ್ಟೇ ಉಳಿದವು.

ಇಷ್ಟು ಕಡಿಮೆ ನಾಯಿಗಳಲ್ಲಿ ಈ ರೋಗ ತಾನಾಗಿ ಬಾಳಲಾರದು. ಆದರೂ ಬಾಳುತ್ತಿದೆ. ಅಂದಮೇಲೆ ತವರು ಬೇರೆ ಇರಬೇಕು, ಅದು ಗುಡ್ಡದಲ್ಲಿರಬೇಕು, ಅದು ನರಿ. ಹೀಗೆ ನನ್ನ ವಾದ. ಧಾರವಾಡದ ಸಮ್ಮೇಳನದಲ್ಲಿ ಇದನ್ನು ಓದಿದಾಗ ಸಭೆ ಎದ್ದು ಚಪ್ಪಾಳೆ ತಟ್ಟಿತು. ಎದ್ದದ್ದು ಚಹಾಕ್ಕೆ ಎಂದು ರೇಣುಕಾ ಹೇಳುತ್ತಾಳೆ, ಅವಳು ಅಲ್ಲಿರಲಿಲ್ಲ. ಅಂದಿನಿಂದ ನಾನು ಗುಡ್ಡ ಬಿಡಲಿಲ್ಲ. ನರಿಯ ಹೆಜ್ಜೆ, ನರಿ ಮಲಗುವ ಗುದ್ದು, ನರಿಯ ಕೂಗು. ಲಸಿಕೆ ತುಂಬಿದ ಮಾಂಸದ ಉಂಡೆಗಳನ್ನು ಗುಡ್ಡದಲ್ಲಿ ಚೆಲ್ಲಿ ನರಿಗಳಿಗೆ ರೋಗ ಬರದಂತೆ ಮಾಡಬೇಕೆಂದು ಯೋಜನೆ ಬರೆದೆ. ಅದನ್ನು ಎಷ್ಟು ಸಲ ಕಳಿಸಿದೆನೋ, ಅಷ್ಟು ಸಲವೂ 'ಪರಿಶೀಲಿಸಲಾಗುವುದು' ಎಂದು ಬಂತು.

ಇನ್ನು ಇವರ ಕಥೆಗೆ ಬರುತ್ತೇನೆ. ಹೊಗಳಬೇಕಲ್ಲ.

ನನ್ನ ನಿವೃತ್ತಿಗೆ ಒಂದು ವರ್ಷ ಇರುವಾಗ ಡಾಕ್ಟರ್ ಗುಲ್ನಾಜ ನನ್ನ ಕೈಕೆಳಗೆ ಬಂದರು. ಸಣ್ಣ ಸ್ಕೂಟಿ, ಹಿಂದೆ ಲಸಿಕೆಯ ಐಸ್ ಡಬ್ಬಿ. ತಂದೆಯವರು ಗಾದಿ ಹೊಲಿಯುತ್ತಾರೆಂದು ಕೇಳಿದ್ದೆ. ಅವರೂ ತಂದೆಯವರಿಂದ ಹೊಲಿಗೆ ಕಲಿತಿದ್ದರೆಂದು ಕಾಣುತ್ತದೆ, ಕುರಿಯ ಗಾಯಕ್ಕೆ ಅವರು ಹಾಕಿದ ಹೊಲಿಗೆ ನಾನು ಹಾಕಿದ್ದಕ್ಕಿಂತ ಚೆಂದ ಇರುತ್ತಿತ್ತು. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಮೊದಲ ವಾರವೇ ಅವರನ್ನು ಗುಡ್ಡಕ್ಕೆ ಕರೆದೊಯ್ದು ನರಿಯ ಗುದ್ದು ತೋರಿಸಿದೆ. ಶಿಷ್ಯೆ ಸಿಕ್ಕಳೆಂದು ಖುಷಿಪಟ್ಟೆ. ಎಲ್ಲವನ್ನೂ ಕೇಳಿಸಿಕೊಂಡು, ಇಳಿಯುವಾಗ ಒಂದೇ ಮಾತು ಕೇಳಿದರು. "ಸರ್, ನಾಯಿ ಲೆಕ್ಕಾ ಯಾವ ಹೊತ್ತಿನ್ಯಾಗ ಮಾಡಿದ್ರಿ?"

ನನ್ನ ಜೀವಮಾನದ ಕೆಲಸದ ಬಗ್ಗೆ ಕೇಳಿದ್ದು ಇದು. ಹೊತ್ತು! ಕಚೇರಿಯ ಹೊತ್ತಿನಲ್ಲಿ ಮಾಡಿದೆ, ಇನ್ನಾವ ಹೊತ್ತಿನಲ್ಲಿ ಮಾಡಲಿ?

ಇವರು ಮಾಡಿದ್ದು ರೊಟ್ಟಿ ಬಡಿಯುವ ಹೊತ್ತಿನಲ್ಲಿ. ನಿಮಗೆಲ್ಲ ಗೊತ್ತು, ನಮ್ಮ ಕಡೆ ಹೆಂಚು ಇಳಿಸುವ ಮೊದಲು ನಾಯಿಯ ಪಾಲಿನ ರೊಟ್ಟಿ ಬೇರೆ ತೆಗೆದಿಡುತ್ತಾರೆ. ಮನೆಯಲ್ಲಿ ನಾಯಿ ಇರಬೇಕೆಂದೇನಿಲ್ಲ. ಓಣಿಯ ನಾಯಿ ಬಾಗಿಲಿಗೆ ಬರುತ್ತದೆ, ಹಾಕುತ್ತಾರೆ, ತಿಂದು ಹೋಗುತ್ತದೆ. ಅದು ನಮ್ಮದೆಂದು ಯಾರೂ ಹೇಳುವುದಿಲ್ಲ. ಹೇಳಿದರೆ ನಾಳೆ ಅದು ಯಾರನ್ನಾದರೂ ಕಚ್ಚಿದಾಗ ಹೊಣೆ ಹೊರಬೇಕು. ಈ ಹುಡುಗಿ ಓಣಿಗೆ ಹೋಗಿ 'ನಾಯಿ ಯಾರದು' ಎಂದು ಕೇಳಲೇ ಇಲ್ಲ. "ಯವ್ವಾ, ಇದಕ್ಕ ರೊಟ್ಟಿ ಯಾರು ಹಾಕ್ತೀರಿ?" ಎಂದು ಕೇಳಿದರು. ಅಷ್ಟೇ ಸಭಿಕರೇ. ಬಾಗಿಲುಗಳು ತೆರೆದುಕೊಂಡವು. "ಮುಂಜಾನಿ ನಾ ಹಾಕತೀನ್ರಿ, ಸಂಜಿಕ ಅವರ ಮನ್ಯಾಗ." "ಮರಿ ಇದ್ದಾಗಿಂದ ನಮ್ಮ ಹಿತ್ತಲದಾಗ ಮಲಗತೈತ್ರಿ." "ಇದರ ತಂಗಿ ಬಸ್‌ಸ್ಟ್ಯಾಂಡ್ ಕಡೆ ಐತಿ." ಬಾಣಂತಿ ನಾಯಿ, ಕುಂಟ ನಾಯಿ, ಬಣವಿಯ ಅಡಿ ಮಲಗುವ ನಾಯಿ, ಎಲ್ಲವೂ ಹೊರಗೆ ಬಂದವು. ರೊಟ್ಟಿ ಹಾಕುವ ಕೈಯೇ ನಾಯಿಯನ್ನು ಕರೆದು ಹಿಡಿದು ನಿಲ್ಲಿಸಿತು, ಇವರು ಸೂಜಿ ಚುಚ್ಚಿ ಕುತ್ತಿಗೆಗೆ ಬಣ್ಣ ಹಚ್ಚಿದರು. ಬಲೆ ಇಲ್ಲ, ಓಡಾಟವಿಲ್ಲ. ನಾನು ಬಲೆ ಹಿಡಿದು ಓಡಿ ಮೊಣಕಾಲು ಕಳೆದುಕೊಂಡವನು.

ಇದನ್ನು ನೋಡಿ ನನಗೆ ಏನನ್ನಿಸಿತು? ಹಿರಿಯರು ಇಂಥ ಕಡೆ ಹೆಮ್ಮೆಯೆನಿಸಿತು ಎಂದು ಹೇಳುವುದು ವಾಡಿಕೆ. ನನಗೆ ಹೊಟ್ಟೆ ಉರಿಯಿತು. ಆ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ? ಅದೇ ರೊಟ್ಟಿ ತಿಂದು ಬೆಳೆದವನು ನಾನೂ. ಇದರಲ್ಲಿ ನನ್ನ ತಪ್ಪಿದೆ ಎಂದು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಜನ ಹೇಳಿದ್ದನ್ನು ಬರೆದೆ. ಜನ ಹೇಳಿದ್ದು ಸುಳ್ಳೂ ಅಲ್ಲ.

ಕೊನೆಗೆ ಇವರು ನಮ್ಮ ಓಣಿಗೂ ಬಂದರು. ನಾನು ಆಗ ನಿವೃತ್ತನಾಗಿದ್ದೆ. ಬಾಗಿಲಲ್ಲೇ ನಿಂತು, "ನಮ್ಮ ಮನೆಯಲ್ಲಿ ನಾಯಿ ಇಲ್ಲಮ್ಮ, ಮುಂದಿನ ಮನೆ ನೋಡು" ಎಂದೆ. ಇವರು ನನ್ನನ್ನು ದಾಟಿ ಅಡುಗೆಮನೆಯ ಕಡೆಗೆ ನೋಡಿ, "ಅಕ್ಕಾರ, ನೀವು ಯಾವುದಕ್ಕ ಹಾಕ್ತೀರಿ?" ಎಂದರು. ರೇಣುಕಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಮೂರ ಅದಾವು. ಕರ್ಯಾ, ಬಾಬೂ, ಮತ್ತ ಸಾಹೇಬ" ಎಂದಳು.

"ಸಾಹೇಬ ಯಾಕ್ರಿ?"

"ಮುಂಜಾನಿ ಗುಡ್ಡಕ್ಕ ಹೋದ್ರ ಊಟದ ಹೊತ್ತಿಗಷ್ಟ ಮನಿ ನೆನಪಾಕ್ಕೈತ್ರಿ ಅದಕ್ಕ."

ನೀವು ನಗಬಹುದು. ನಗಿರಿ. ಅಂದು ಅಡುಗೆಮನೆಯಲ್ಲಿ ಅವರಿಬ್ಬರೂ ಎಷ್ಟು ನಕ್ಕರೆಂದರೆ ಪಕ್ಕದ ಮನೆಯ ಅಮೀನಬಿ ಏನಾಯಿತೆಂದು ಓಡಿ ಬಂದರು. ಬಂದವರು, ಸಾಹೇಬನಿಗೆ ಸಂಜೆಯ ರೊಟ್ಟಿ ತಾನೇ ಹಾಕುವುದಾಗಿಯೂ ಹೇಳಿದರು. ನಾನು ಹೆಂಡತಿಯನ್ನು ಕೇಳಿದೆ: ಇಷ್ಟು ವರ್ಷ ನಾನು ಇದೇ ಮನೆಯಲ್ಲಿ ಕುಳಿತು ನಾಯಿಗಳ ಲೆಕ್ಕ ಬರೆಯುತ್ತಿದ್ದೆ, ನೀನೇಕೆ ಹೇಳಲಿಲ್ಲ? ಅವಳೆಂದಳು, "ನೀವು ಕೇಳಿದ್ದು ಯಾರ ನಾಯಿ ಅಂತ. ಅವು ನಮ್ಮವಲ್ಲ. ಯಾರು ಹಾಕ್ತಾರ ಅಂತ ಎಂದ ಕೇಳೀರಿ?" ಸಂಸಾರ ಮಾಡಿದವನಿಗೆ ಹೇಳದ್ದನ್ನು ಹೊಸಲಿನಲ್ಲಿ ನಿಂತ ಪರಕೀಯಳಿಗೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ಆ ದಿನ ಇವರಿಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಕೆನೆಮೊಸರು. ನನಗೆ ನಿನ್ನೆಯ ಕಟಕ ರೊಟ್ಟಿ, ವೈದ್ಯರು ಎಣ್ಣೆ ಬೇಡ ಎಂದಿದ್ದಾರೆಂಬ ನೆಪ.

ಹೊಸ ಲೆಕ್ಕ ಬಂತು. ಗುಡ್ಡದ ಸುತ್ತಲಿನ ಊರುಗಳಲ್ಲಿ ನಾಯಿಗಳು ನಾನು ಬರೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ರೋಗ ತಾನಾಗಿ ಬಾಳಲು ಬೇಕಾದಷ್ಟು, ಬೇಕಾದುದಕ್ಕಿಂತ ಹೆಚ್ಚು. ನರಿಯ ಹಂಗೇ ಬೇಕಿಲ್ಲ. ಅಷ್ಟೇ ಅಲ್ಲ, ಆ ನಾಯಿಗಳಲ್ಲಿ ಎಷ್ಟೋ ನಮ್ಮ ಸಾಹೇಬನ ಹಾಗೆ ದಿನವೂ ಗುಡ್ಡಕ್ಕೆ ಹೋಗಿ ಬರುವವು. ಸತ್ತ ಕುರಿಯ ಹತ್ತಿರ ನರಿಯೊಡನೆ ಕಚ್ಚಾಡುವವು. ನರಿ ಊರಿಗೆ ರೋಗ ತರುತ್ತದೆ ಎಂದು ನಾನು ಬರೆದಿದ್ದೆ. ಊರೇ ಗುಡ್ಡಕ್ಕೆ ರೋಗ ಹೊರುತ್ತಿರಬಹುದಲ್ಲವೇ ಸರ್, ಎಂದು ಇವರು ಬಹಳ ವಿನಯದಿಂದ ಕೇಳಿದರು. ಆ ವಿನಯ ಬೇರೆ! ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ.

ಪತ್ರಿಕೆಗಳಲ್ಲಿ ಇವರ ಚಿತ್ರ ಬಂತು. 'ರೊಟ್ಟಿ ಡಾಕ್ಟರ್' ಎಂದು ಹೆಸರಾಯಿತು. ನರಿ ಡಾಕ್ಟರನನ್ನು ಮಾತಾಡಿಸುವವರು ಕಡಿಮೆಯಾದರು. ಸಂತೆಯಲ್ಲಿ ನನಗೆ ನಮಸ್ಕಾರ ಮಾಡಿದವನೊಬ್ಬ, "ಮೇಡಂ ಯಾವಾಗ ಬರತಾರ್ರೀ ನಮ್ಮ ಊರಿಗೆ?" ಎಂದು ಕೇಳಿದ. ನಾನೇನು ಅವರ ಸ್ಕೂಟಿಯ ಚಾಲಕನೇ?

ಇಷ್ಟರಲ್ಲಿ, ಇದೇ ವರ್ಷ ಜನವರಿಯಲ್ಲಿ, ಹಮ್ಮಿಗಿಯಿಂದ ನನಗೆ ಫೋನು ಬಂತು. ನರಿಯ ವಿಷಯವಿದ್ದರೆ ಇನ್ನೂ ನನಗೇ ಫೋನು ಮಾಡುತ್ತಾರೆ, ಅಷ್ಟು ಮರ್ಯಾದೆ ಉಳಿದಿದೆ. ಮಾಳವ್ವ ಎಂಬ ಹೆಣ್ಣುಮಗಳು. "ಸಾಹೇಬ್ರ, ನಮ್ಮ ಮನಿಯವರಿಗೆ ನರಿ ಕಡದೈತ್ರಿ, ಹಾಡಹಗಲ ಹೊಳಿದಂಡಿ ಹೊಲದಾಗ. ಹೊಡದು ಕೆಡವ್ಯಾರ." ನಾನು ಕೂತಲ್ಲಿಂದ ಎದ್ದೆ. "ನರಿನ ಐತೇನು? ನಾಯಿ ಅಲ್ಲಲಾ? ಬಾಲ ಹೆಂಗೈತಿ?" ಎಂದು ಕೇಳಿದೆ. ಆಕೆ, "ನರಿನ ಐತ್ರಿ" ಎಂದಳು. ನಾನು ಕಾರು ತೆಗೆದೆ. ದಾರಿಯುದ್ದಕ್ಕೂ ಗುಲ್ನಾಜ ಅವರಿಗೆ ಏನು ಹೇಳಬೇಕೆಂದು ಮಾತು ಜೋಡಿಸಿದೆ. ಎಂಥ ಮಾತುಗಳು! ಇಂದಿನ ಭಾಷಣಕ್ಕೂ ಅಷ್ಟು ತಯಾರಿ ಮಾಡಿಲ್ಲ. ಬಹಳ ದಿನಗಳ ಮೇಲೆ ಒಂದು ಹಾಡು ಗುನುಗಿದೆನೆಂದೂ ನೆನಪು.

ನರಿ ಬದುವಿನ ಮೇಲೆ ಬಿದ್ದಿತ್ತು. ಬಡಕಲು ಹೆಣ್ಣು ನರಿ, ಬಾಯಲ್ಲಿ ನೊರೆ ಒಣಗಿತ್ತು. ಕೈಗವಸು ಹಾಕಿಕೊಂಡು ಅದರ ಹತ್ತಿರ ಕುಳಿತೆ. ಹಲ್ಲು ನೋಡಿದೆ, ಮೈ ನೋಡಿದೆ. ಪ್ರಯೋಗಾಲಯಕ್ಕೆ ಕಳಿಸಲು ಹೇಗೆ ಕಟ್ಟಬೇಕೆಂದು ಯೋಚಿಸುತ್ತಿದ್ದೆ. ಆಗಲೇ ಇವರಿಗೆ ಫೋನು ಹಚ್ಚಿದೆ. ಅಷ್ಟರಲ್ಲಿ ಹಿಂದಿನಿಂದ ಮಾಳವ್ವ ಅಂದಳು, "ಸಾಹೇಬ್ರ, ಸತ್ತದ್ದನ್ನೇನ ನೋಡಾಕ ಹತ್ತೀರಿ? ಬದುಕಿದ್ದವರು ಇಲ್ಲೆ ಕುಂತಾರ್ರಿ."

ತಿರುಗಿ ನೋಡಿದರೆ ಆಕೆಯ ಗಂಡ ಮಲ್ಲು ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕುಳಿತಿದ್ದ. ಮೀನಖಂಡದ ಮೇಲೆ ಹಲ್ಲು ಆಳವಾಗಿ ಇಳಿದಿದ್ದವು. ಅರಿಷಿಣ ಮೆತ್ತಿದ್ದರು. ಫೋನಿನಲ್ಲಿ ಇವರ ದನಿ ಬಂತು. ನಾನು, "ಗುಲ್ನಾಜ, ಹಮ್ಮಿಗಿಯಲ್ಲಿ ಒಬ್ಬನಿಗೆ ಕಚ್ಚಿದೆ" ಎಂದೆ. ಏನು ಕಚ್ಚಿತು ಎಂದು ಕೇಳುತ್ತಾರೆ, ನಾನು ಒಂದು ಕ್ಷಣ ತಡೆದು 'ನರಿ' ಎನ್ನಬೇಕು, ಹೀಗೆ ನಾನು ಅಂದುಕೊಂಡಿದ್ದೆ. ಇವರು ಕೇಳಲೇ ಇಲ್ಲ. "ಸರ್, ಗಾಯಾ ತೊಳದ್ರ್ಯಾ? ಅರಿಷಿಣ ಗಿರಿಷಿಣ ಇದ್ರ ತಗೀರಿ. ಸಾಬೂನು ಹಚ್ಚಿ ಹರಿಯೋ ನೀರಾಗ ಕಾಲು ಗಂಟೆ ತೊಳೀರಿ. ನಾ ದವಾಖಾನಿಗೆ ಫೋನ್ ಮಾಡಿ ಇಂಜೆಕ್ಷನ್ ಅದಾವೇನ ನೋಡತೀನಿ, ಗಾಯದೊಳಗ ಹಾಕೂದು ಸೈತ. ನೀವು ಕರಕೊಂಡು ಹೊಂಡ್ರಿ." ಅಷ್ಟು ಹೇಳಿ ಇಟ್ಟರು.

ಏನು ಕಚ್ಚಿತೆಂದು ಕೇಳಬಾರದೇ? ಒಬ್ಬ ವಿಜ್ಞಾನಿಗೆ ಅಷ್ಟೂ ಕುತೂಹಲ ಬೇಡವೇ? ನಾನು ಸಿಟ್ಟಿನಿಂದಲೇ ಪಂಪಿನ ನೀರಿನಲ್ಲಿ ಮಲ್ಲುವಿನ ಕಾಲು ತೊಳೆದೆ. ಮಾಳವ್ವ ಬಟ್ಟೆ ಸಾಬೂನು ತಂದುಕೊಟ್ಟಳು. ತೊಳೆಯುತ್ತಿದ್ದಾಗ ಮಲ್ಲು, "ಸಾಹೇಬ್ರ, ನರಿ ಮುಖ ನೋಡಿದ್ರ ಚಲೋ ಆಗತೈತಿ ಅಂತಾರಲ್ರೀ" ಎಂದು ನಗಲು ನೋಡಿದ. ನಾನು ಅವನ ಮುಖ ನೋಡಲಿಲ್ಲ. ನಂತರ ಕಾರಿನಲ್ಲಿ ಹಾಕಿಕೊಂಡು ಹೋದೆ, ಇಂಜೆಕ್ಷನ್ ಸಿದ್ಧವಾಗಿದ್ದವು. ಮಲ್ಲು ಬದುಕಿದ್ದಾನೆ. ಅಗೋ, ಆ ಕಂಬದ ಪಕ್ಕದಲ್ಲಿ ಹೆಂಡತಿಯ ಜೊತೆ ಕುಳಿತಿದ್ದಾನೆ. ಇವರ ಸನ್ಮಾನಕ್ಕೆ ಬಂದಿದ್ದಾನೆ. ಕಾಲು ತೊಳೆದವನು ನಾನು.

ಪ್ರಯೋಗಾಲಯದ ಉತ್ತರ ಬಂತು. ಆ ನರಿಗೆ ರೋಗ ಇತ್ತು. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಎರಡನೆಯ ಸಾಲು ಓದಿದೆ. ಅದರೊಳಗಿನ ವೈರಾಣು ನಮ್ಮ ನಾಯಿಗಳಲ್ಲಿ ಸುತ್ತುವ ಅದೇ ವೈರಾಣು, ನರಿಗಳದೇ ಆದ ಬೇರೆ ತಳಿಯಲ್ಲ.

ಇವರು ಮನೆಗೆ ಬಂದರು. ನಾನು ವಾದಕ್ಕೆ ಸಿದ್ಧನಾಗಿದ್ದೆ. ಒಂದು ನರಿಯಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಇವರೇ ಮೊದಲು ಅಂದುಬಿಟ್ಟರು: "ಸರ್, ಒಂದ ನರಿಯಿಂದ ಏನೂ ತೀರ್ಮಾನ ಆಗೂದಿಲ್ಲ. ನೀವು ಹೇಳೂದು ಖರೆ ಇದ್ರೂ ಇರಬಹುದು." ನನ್ನ ಮಾತನ್ನೂ ಕಸಿದುಕೊಂಡರು! ನಂತರ ಹೇಳಿದರು, "ತಿಳಕೊಳ್ಳಾಕ ಒಂದ ದಾರಿ ಐತ್ರಿ. ಗುಡ್ಡದ ಸುತ್ತಲಿನ ನಾಯಿಗೋಳಿಗೆ ಒಂದೂ ಬಿಡದಂಗ ಸೂಜಿ ಹಾಕೂಣು. ನಾಯ್ಯಾಗ ರೋಗ ನಿಂತ ಮ್ಯಾಲೂ ನರಿಯೊಳಗ ಉಳೀತಂದ್ರ ನೀವು ಗೆದ್ರಿ. ನರಿಯೊಳಗೂ ತಾನ ನಿಂತುಹೋತಂದ್ರ ಅದು ನೆಂಟಸ್ತನಕ್ಕ ಹೋಗಿತ್ತು ಅಂತ ತಿಳಿತೈತಿ. ಆದ್ರ ಗುಡ್ಡಾ ಕಾಯಾಕ, ನರಿ ನೋಡಾಕ ನಿಮ್ಮಂಥವರು ಬ್ಯಾರೆ ಯಾರದಾರ್ರಿ?"

ನೋಡಿದಿರಾ? ನನ್ನ ಸೋಲನ್ನು ಅಳೆಯುವ ನೌಕರಿಗೆ ನನ್ನನ್ನೇ ನೇಮಿಸಲು ಬಂದಿದ್ದರು. ರೇಣುಕಾ ಒಳಗಿನಿಂದ, "ಹೂಂ ಅನ್ರಿ" ಎಂದಳು. ನಾನು ಅನ್ನಲಿಲ್ಲ. ಇಂದಿನವರೆಗೂ ಅಂದಿಲ್ಲ.

ಈಗ ಕಾರ್ಯದರ್ಶಿಗಳು ಮೂರನೆಯ ಸಲ ಗಡಿಯಾರ ತೋರಿಸುತ್ತಿದ್ದಾರೆ. ತೀರ್ಮಾನಕ್ಕೆ ಬರುತ್ತೇನೆ.

ನನ್ನ ಮತವನ್ನು ನರಿಗೆ ಹಾಕಬಹುದು. ಹಾಕಿದರೆ ನಾಳೆಯೇ ಗುಡ್ಡಕ್ಕೆ ನನ್ನ ಹೆಸರಿನ ಯೋಜನೆ ಹತ್ತುತ್ತದೆ. ಫಲಕದಲ್ಲಿ ನನ್ನ ಚಿತ್ರ ಬರುತ್ತದೆ. ಊರಿನ ನಾಯಿಗಳು ಮೂರು ವರ್ಷ ಹಾಗೇ ಉಳಿಯುತ್ತವೆ. ನನ್ನ ವಾದ ತಪ್ಪಾಗಿದ್ದರೆ ಅದನ್ನು ಹೇಳಲು ಮಕ್ಕಳು ಸಾಯಬೇಕಾಗುತ್ತದೆ. ಹುಚ್ಚುನಾಯಿ ರೋಗ ಬಂದ ಮಗುವನ್ನು ನೀವು ನೋಡಿರಲಿಕ್ಕಿಲ್ಲ. ನಾನು ಒಂದನ್ನು ನೋಡಿದ್ದೇನೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಅದಕ್ಕೇ ಅಧ್ಯಕ್ಷನ ಮತ ನಾಯಿಗಳಿಗೆ. ಚಪ್ಪಾಳೆ ಬೇಡ. ದಯವಿಟ್ಟು ಬೇಡ, ಇನ್ನೂ ಮುಗಿದಿಲ್ಲ.

ಗುಡ್ಡದಲ್ಲಿ ನರಿಗಳನ್ನು ಕಾಯುವ ಕೆಲಸವನ್ನೂ ಒಪ್ಪಿದ್ದೇನೆ. ಈಗ ಒಪ್ಪಿದೆ, ಇಲ್ಲಿ ನಿಂತು, ರೇಣುಕಾಗೂ ಇದು ಹೊಸ ಸುದ್ದಿ. ಆದರೆ ಗುಲ್ನಾಜ, ನಿನ್ನ ಮೇಲಿನ ಹೊಟ್ಟೆಕಿಚ್ಚು ಇದರಿಂದ ಕಡಿಮೆಯಾಯಿತೆಂದು ತಿಳಿಯಬೇಡ. ಇಂದಿನಿಂದ ಅದು ಹೆಚ್ಚಾಯಿತು. ಶಾಲು, ಹಾರ, ಆಳೆತ್ತರದ ಚಿತ್ರ, ಕೆನೆಮೊಸರು, ಇವೆಲ್ಲ ಸಣ್ಣವು, ಒಂದಲ್ಲ ಒಂದು ದಿನ ಮರೆತೇನು. ಮರೆಯಲಾಗದ್ದು ಒಂದಿದೆ. ನೀನು ಗೆಲ್ಲಬೇಕಾದರೆ ಏನೂ ಆಗಬಾರದು. ಯಾವ ಊರಲ್ಲೂ ಯಾರಿಗೂ ಏನೂ ಆಗಬಾರದು. ನೀನು ರಾತ್ರಿ ಮಲಗುವಾಗ ನಿನಗಾಗಿ ಬೇಡಿಕೊಳ್ಳುವುದೂ ಊರಿಗಾಗಿ ಬೇಡಿಕೊಳ್ಳುವುದೂ ಒಂದೇ. ನನಗೆ ಆ ಸುಖವಿಲ್ಲ. ನಾನು ಗೆಲ್ಲಬೇಕಾದರೆ ಗುಡ್ಡದಿಂದ ಮತ್ತೊಂದು ನರಿ ಇಳಿಯಬೇಕು, ಮತ್ತೊಬ್ಬ ಮಲ್ಲು ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕುಳಿತಿರಬೇಕು. ಫೋನು ಬಂದಾಗಲೆಲ್ಲ ನನ್ನ ಕೈ ಅದರತ್ತ ಓಡುವುದನ್ನು ರೇಣುಕಾ ನೋಡುತ್ತಾಳೆ.

ನನ್ನನ್ನು ಕರೆದ ಸಂಘಟಕರಿಗೆ, ಇಷ್ಟು ಹೊತ್ತು ತಾಳಿಕೊಂಡ ಅಧ್ಯಕ್ಷರಿಗೆ, ಮಗಳನ್ನು ಓದಿಸಿದ ಇಸಾಕಸಾಹೇಬರಿಗೆ, ಹಮ್ಮಿಗಿಯಿಂದ ಬಂದ ಇಬ್ಬರಿಗೂ ನಾನು ಋಣಿ. ನಿಮ್ಮಲ್ಲಿ ಒಂದೇ ಬೇಡಿಕೆ. ನಾನು ಸೋಲಲಿ ಎಂದು ನೀವೆಲ್ಲ ಮನಸಾರೆ ಹಾರೈಸಿರಿ. ನನ್ನಿಂದ ಇನ್ನೂ ಅದು ಆಗುತ್ತಿಲ್ಲ. ಪ್ರಯತ್ನ ಮಾಡುತ್ತೇನೆ. ನಮಸ್ಕಾರ.